ನಾಯಿಮರಿಯ ಹಲ್ಲು ತಾಗಿದೆ, ಹತ್ತು ದಿನ ಕಾಯಬಹುದಾ?

ದಯವಿಟ್ಟು ಕಾಯಬೇಡಿ. ರಕ್ತ ಬಂದಿಲ್ಲ, ಸಣ್ಣ ಗೀರು ಅಷ್ಟೇ, ಬೀದಿ ನಾಯಿಮರಿಯಾದರೂ ಚುರುಕಾಗಿದೆ, ಅದನ್ನು ಹತ್ತು ದಿನ ನೋಡಿ ಆಮೇಲೆ ರೇಬಿಸ್ (ಹುಚ್ಚುನಾಯಿ ರೋಗ) ಲಸಿಕೆ ತಗೊಳ್ಳಲಾ ಅಂತ ಕೇಳಿದ್ದೀರಿ. ರಕ್ತ ಬರದ ತರಚಿಗೂ ತಡಮಾಡದೆ ಲಸಿಕೆ ಹಾಕಿಸಬೇಕು ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು.

ಮೊದಲು ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಮ್ನೆ ಒರೆಸಿದರೆ ಸಾಲದು. ರೇಬಿಸ್ ವೈರಸ್ಸಿನ ಮೇಲೆ ಕೊಬ್ಬಿನ ಪೊರೆ ಇರುತ್ತದೆ, ಸೋಪು ಅದನ್ನು ಒಡೆಯುತ್ತದೆ. ಹಲ್ಲು ತಾಗಿದಾಗಲೇ ತೊಳೆದಿಲ್ಲದಿದ್ದರೆ ಈಗಲಾದರೂ ತೊಳೆಯಿರಿ.

ಈ ವೈರಸ್ ನರಗಳ ಮೂಲಕ ನಿಧಾನವಾಗಿ ಮಿದುಳಿನ ಕಡೆ ಸಾಗುತ್ತದೆ. ಸಾಮಾನ್ಯವಾಗಿ ಲಕ್ಷಣ ಕಾಣಲು ಎರಡು ಮೂರು ತಿಂಗಳು ಬೇಕು, ಕೆಲವರಿಗೆ ಒಂದೇ ವಾರ ಸಾಕು. ಆ ಬಿಡುವಿನಲ್ಲೇ ಲಸಿಕೆ ಕೆಲಸ ಮಾಡುವುದು. ಲಕ್ಷಣ ಶುರುವಾದ ಮೇಲೆ ಬದುಕಿದವರು ತೀರಾ ವಿರಳ. ಅದಕ್ಕೇ ಇಷ್ಟು ಒತ್ತಾಯ ಮಾಡುತ್ತಿದ್ದೇನೆ.

ಹತ್ತು ದಿನದ ಮಾತು ಸುಳ್ಳಲ್ಲ. ಆದರೆ ಅದು ಲಸಿಕೆ ಶುರುಮಾಡಿದ ಮೇಲಿನ ಮಾತು. ಮರಿ ಅಷ್ಟೂ ದಿನ ಆರೋಗ್ಯವಾಗಿದ್ದರೆ ಉಳಿದ ಡೋಸ್ ನಿಲ್ಲಿಸಬಹುದಾ ಅಂತ ವೈದ್ಯರು ನೋಡುತ್ತಾರೆ. ಈ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಕೋತಿ, ಬಾವಲಿಗೆ ಅನ್ವಯಿಸುವುದಿಲ್ಲ. ಮರಿ ಚಿಕ್ಕದು ಅನ್ನೋದೂ ಧೈರ್ಯ ಕೊಡುವ ವಿಷಯವಲ್ಲ, ಮರಿಗಳಿಗೂ ರೇಬಿಸ್ ಬರುತ್ತದೆ.

ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಗಾಯವನ್ನು ವೈದ್ಯರಿಗೆ ಸರಿಯಾಗಿ ತೋರಿಸಿ. ಇವತ್ತೇ ಹೋಗ್ತೀರಿ ಅಲ್ವಾ? ಮೊದಲ ಡೋಸ್ ಆದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.