ರಫ್ತು ನೂರು ಪಟ್ಟಾಯಿತಂತೆ, ಹೌದಾ?

ಸಕಲೇಶಪುರದ ಬೆಳೆಗಾರರೊಬ್ಬರ ಪತ್ರ: ‘1990ರಿಂದ ಈಚೆಗೆ ದೇಶದ ರಫ್ತು ನೂರು ಪಟ್ಟು ಮೀರಿದೆ ಅಂತ ಭಾಷಣದಲ್ಲಿ ಕೇಳಿದೆ. ನಮ್ಮ ಕಾಫಿ ರಫ್ತೂ ದಾಖಲೆಯಂತೆ. ನಂಬಬಹುದಾ?’

ಸಂಪಾದಕರ ಉತ್ತರ: ಲೆಕ್ಕ ಸುಳ್ಳಲ್ಲ. 1990-91ರಲ್ಲಿ ನಾವು ಹೊರಗೆ ಮಾರಿದ ಸರಕು ಸುಮಾರು 32,500 ಕೋಟಿ ರೂಪಾಯಿಯದು. 2022-23ರಲ್ಲಿ ಅದು 36 ಲಕ್ಷ ಕೋಟಿ ದಾಟಿತು. ಆದರೆ ಆಗ ಡಾಲರಿಗೆ 18 ರೂಪಾಯಿ ಇತ್ತು, ಆಮೇಲೆ 80 ಆಯಿತು. ಡಾಲರಿನಲ್ಲಿ ಎಣಿಸಿದರೆ 1,800 ಕೋಟಿಯಿಂದ 45,000 ಕೋಟಿ, ಅಂದರೆ 25 ಪಟ್ಟು ಮಾತ್ರ. ಅಷ್ಟರಲ್ಲಿ ಜಗತ್ತಿನ ವ್ಯಾಪಾರವೇ ಸುಮಾರು ಏಳು ಪಟ್ಟಾಗಿತ್ತು. ಹಾಗಾಗಿ ಜಗತ್ತಿನ ರಫ್ತಿನಲ್ಲಿ ನಮ್ಮ ಪಾಲು ಎಷ್ಟು ಅಂತ ನೋಡುವುದೇ ವಾಸಿ. ಅದು ಶೇ 0.5ರ ಆಸುಪಾಸಿನಿಂದ ಶೇ 1.8ಕ್ಕೆ ಏರಿದೆ. ಮೂರೂವರೆ ಪಟ್ಟು. ಕಡಿಮೆಯೇನಲ್ಲ, ಆದರೆ ನೂರೂ ಅಲ್ಲ.

ಎಲ್ಲಿಂದ ಎಣಿಕೆ ಶುರು ಮಾಡುತ್ತೀರಿ ಅನ್ನುವುದರಲ್ಲೂ ಆಟ ಇದೆ. 1948ರಲ್ಲಿ ನಮ್ಮ ಪಾಲು ಶೇ 2.2 ಇತ್ತು. ಅಲ್ಲಿಂದ ನೋಡಿದರೆ ನಾವಿನ್ನೂ ಹಳೇ ಜಾಗಕ್ಕೇ ಬಂದಿಲ್ಲ! ಹಾಗಂತ ಅದೂ ನ್ಯಾಯದ ಹೋಲಿಕೆಯಲ್ಲ. ಆಗ ಯುದ್ಧದಿಂದ ಜಪಾನು, ಜರ್ಮನಿ ನೆಲಕಚ್ಚಿದ್ದವು. ಭಾಷಣ ಮಾಡುವವರು ತಮಗೆ ಬೇಕಾದ ವರ್ಷ ಹುಡುಕಿಕೊಳ್ಳುತ್ತಾರೆ, ಆಡಳಿತದವರಾಗಲಿ ವಿರೋಧಿಗಳಾಗಲಿ.

ಇನ್ನು ಕಾಫಿ. 2023-24ರಲ್ಲಿ ಸುಮಾರು 128 ಕೋಟಿ ಡಾಲರ್ ಇದ್ದ ರಫ್ತು ಮರುವರ್ಷ 180 ಕೋಟಿಗೆ ಹಾರಿತು. ಹೋದ ಮೂಟೆಗಳೇನೂ ಅಷ್ಟು ಹೆಚ್ಚಲಿಲ್ಲ, ಅದು ನಿಮಗೇ ಗೊತ್ತು. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು ರೇಟು ಏರಿತು. ಅದಕ್ಕೇ ಲೆಕ್ಕಿಗರು ಬೆಲೆಗೆ ಒಂದು ಸೂಚ್ಯಂಕ (ಒಂದು ವರ್ಷವನ್ನು ನೂರು ಅಂತ ಹಿಡಿದು ಆಮೇಲಿನ ಏರಿಳಿತ ತೋರಿಸುವ ಅಂಕಿ), ಪ್ರಮಾಣಕ್ಕೆ ಇನ್ನೊಂದು ಇಡುತ್ತಾರೆ. ರಫ್ತಿನ ಬೆಲೆ ಸೂಚ್ಯಂಕವನ್ನು ಆಮದಿನ ಬೆಲೆ ಸೂಚ್ಯಂಕದಿಂದ ಭಾಗಿಸಿದರೆ, ನಾವು ಮಾರುವ ಒಂದು ಮೂಟೆಗೆ ಹೊರಗಿನ ಎಣ್ಣೆ, ಪೊಟ್ಯಾಷ್ ಮೊದಲಿಗಿಂತ ಜಾಸ್ತಿ ಬರುತ್ತಾ, ಕಮ್ಮಿಯಾ ಅನ್ನುವುದು ತಿಳಿಯುತ್ತದೆ. ಕಚ್ಚಾ ಸರಕು ಮಾರುವ ಬಡ ದೇಶಗಳಿಗೆ ಕಾಲ ಕಳೆದಂತೆ ಇದು ಕಮ್ಮಿಯಾಗುತ್ತದೆ ಅಂತ 1950ರಲ್ಲೇ ಪ್ರೆಬಿಷ್ ಮತ್ತು ಸಿಂಗರ್ ಎಂಬ ಅರ್ಥಶಾಸ್ತ್ರಜ್ಞರು ವಾದಿಸಿದ್ದರು. ಕಾಫಿ ರೇಟು ಏರಿದ ಆ ವರ್ಷ ನಿಮ್ಮ ಪಾಲಿಗೆ ಅದಕ್ಕೆ ತದ್ವಿರುದ್ಧವಾಯಿತು. ಎಷ್ಟು ದಿನ ಅಂತ ಬೇರೆ ಮಾತು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕಚ್ಚಾ ತೈಲ ತರಿಸಿ, ಡೀಸೆಲ್ ಮಾಡಿ ಕಳಿಸಿದರೆ ಅದರ ಪೂರ್ತಿ ಬೆಲೆ ನಮ್ಮ ರಫ್ತು ಅಂತಲೇ ಬರೆಯುತ್ತಾರೆ. ನಮ್ಮ ಕೈಗೆ ಉಳಿಯುವುದು ಅದರಲ್ಲೊಂದು ಪಾಲು. ಕಾಫಿಯಲ್ಲೂ ಸ್ವಲ್ಪ ಹೀಗೇ ನಡೆಯುತ್ತದೆ. ಹೊರಗಿನ ಬೀಜ ತರಿಸಿ, ಇನ್‌ಸ್ಟಂಟ್ ಪುಡಿ ಮಾಡಿ, ಮತ್ತೆ ಹೊರಗೇ ಮಾರುತ್ತಾರೆ. ನೀವು ಕೇಳಿದ ಆ ದಾಖಲೆಯಲ್ಲಿ ಅದೂ ಸೇರಿದೆ.