ಪ್ರತಿಕ್ರಿಯೆ: ವಿಮಾನ ರಿಸೀವರ್ ಆಗಾಗ ನಿಲ್ಲುವುದು

ವಿಮಾನಗಳ ರೇಡಿಯೊ ಸಿಗ್ನಲ್ ಹಿಡಿದು ಇಂಟರ್ನೆಟ್‌ಗೆ ಕಳಿಸುವ ನಿಮ್ಮ ಮಂಜೇಶ್ವರದ ಮನೆಯ ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್) ದಿನಕ್ಕೆರಡು ಸಲ ಡೇಟಾ ಕಳಿಸುವುದನ್ನು ನಿಲ್ಲಿಸುತ್ತದೆ, ರೀಬೂಟ್ ಮಾಡಿದರೆ ಸರಿಯಾಗುತ್ತದೆ ಅಂದಿದ್ದೀರಿ. ಹಾಗಾದರೆ ಸುಮ್ನೆ ಆಂಟೆನಾ ಬದಲಿಸಬೇಡಿ. ಆಂಟೆನಾ ಕೆಟ್ಟರೆ ರೀಬೂಟ್‌ಗೆ ಸರಿಯಾಗಲ್ಲ, ಅಲ್ವಾ?

ಮುಂದಿನ ಸಲ ನಿಂತಾಗ, ರೀಬೂಟ್‌ಗೆ ಮೊದಲು, ಮನೆಯ ವೈಫೈಯಿಂದಲೇ, ಹಿಡಿದ ವಿಮಾನಗಳನ್ನು ತೋರಿಸುವ ಪೈಯೊಳಗಿನ ಮ್ಯಾಪ್ ಪೇಜನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಅಲ್ಲಿ ಮಂಗಳೂರಿಗೆ ಇಳಿಯುವ ವಿಮಾನ ಕಂಡರೆ ತೊಂದರೆ ಇಂಟರ್ನೆಟ್ ಕಡೆಯದ್ದು. ಮ್ಯಾಪ್ ಬಂದೂ ಖಾಲಿ ಇದ್ದರೆ ಡಾಂಗಲ್ (ಆಂಟೆನಾದ ಸಿಗ್ನಲ್ ಓದುವ ಯುಎಸ್‌ಬಿ ಕಡ್ಡಿ) ಅಥವಾ ಪವರ್ ಮೇಲೆ ಅನುಮಾನ ಪಡಿ. ಪೇಜೇ ತೆರೆಯದಿದ್ದರೆ ವೈಫೈ ಬಿಟ್ಟಿದೆ, ಇಲ್ಲವೇ ಪೈ ಹ್ಯಾಂಗ್ ಆಗಿದೆ.

ಕುಂಬಳೆಯ ನಮ್ಮ ಮನೆಯಲ್ಲಿ ಕಳ್ಳ ಸಿಕ್ಕಿದ್ದು ಪೈಗೆ ಹಾಕಿದ್ದ ಹಳೆಯ ಫೋನ್ ಚಾರ್ಜರ್. ಮಳೆಗಾಲ ಪೂರ್ತಿ ಆಂಟೆನಾವನ್ನೇ ಬೈದಿದ್ದೆ! ಪೈ 4ಕ್ಕೆ 5.1 ವೋಲ್ಟ್, 3 ಆಂಪ್ಸ್ ಕೊಡುವ ಅಡಾಪ್ಟರ್ ಬೇಕು. ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಪೈಯ ಲಾಗ್‌ನಲ್ಲಿ (ಆಗುಹೋಗು ಬರೆದಿಡುವ ದಾಖಲೆ) ಎಚ್ಚರಿಕೆ ಬರುತ್ತದೆ, ಅದನ್ನೇ ಮೊದಲು ಹುಡುಕಿ.