ಕಲಬುರಗಿಯಲ್ಲಿ ಅಪ್ಪನ ಸೊಂಟದ ಆಪರೇಷನ್ ಆಗಿದೆ. ಹೈದರಾಬಾದಿನ ರಿಹ್ಯಾಬ್ ಸೆಂಟರಿಗೆ ಬಿಡಬೇಕಾ, ಮನೆಯಲ್ಲೇ ನರ್ಸ್ ಇಡಬೇಕಾ?

ನಿಮ್ಮ ಅಪ್ಪನ ಜಾಗದಲ್ಲಿ ನಮ್ಮವ್ವ ಇದ್ದಳು, ಉಳಿದಿದ್ದೆಲ್ಲ ಅದೇ. ಬಚ್ಚಲ ಮುಂದೆ ಶಹಾಬಾದ್ ಫರ್ಶಿ, ಅದರ ಮೇಲೆ ಸೋಪಿನ ನೀರು. ಜಾರಿ ಬಿದ್ದಳು. ಆಪರೇಷನ್ ಇಲ್ಲೇ ಆಯ್ತು, ಅರ್ಧ ಕೀಲು ಬದಲಾಯಿಸಿದರು. ಮರುದಿನವೇ ಫಿಜಿಯೋ, ಅಂದ್ರೆ ವ್ಯಾಯಾಮ ಮಾಡಿಸಿ ನಡೆಸುವವರು, ಬಂದು ವಾಕರ್ ಕೊಟ್ಟು ನಿಲ್ಲಿಸಿದರು. ಅವ್ವ ಶರಣಬಸಪ್ಪನ ಹೆಸರು ಹೇಳುತ್ತ ನಾಲ್ಕು ಹೆಜ್ಜೆ ಹಾಕಿದಳು. ಅಲ್ಲಿವರೆಗೆ ಎಲ್ಲ ಸರಿ ಇತ್ತು.

ಅಣ್ಣ ಇರೋದು ಹೈದರಾಬಾದಿನಲ್ಲಿ. ಆಪರೇಷನ್ ಆದವರನ್ನು ಮತ್ತೆ ಓಡಾಡುವಂತೆ ಮಾಡುವ ಇಂಥದ್ದೇ ಒಂದು ರಿಹ್ಯಾಬ್ ಸೆಂಟರ್ ಅಲ್ಲೇ ನೋಡಿದ. ಎಸಿ ರೂಮು, ಬಟನ್ ಒತ್ತಿದರೆ ಏಳುವ ಮಂಚ, 24 ಗಂಟೆ ನರ್ಸ್. ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ನಿಮಗೆ ಗೊತ್ತಲ್ಲ, ಎಸಿ ಅಂದ ಕೂಡಲೇ ನಾವೆಲ್ಲ ಹೂಂ ಅಂದೆವು. ರೂಮು ಹೇಗಿದೆ, ಊಟಕ್ಕೆ ಜೋಳದ ರೊಟ್ಟಿ ಸಿಗುತ್ತಾ, ರಾತ್ರಿ ನರ್ಸ್ ಎಚ್ಚರ ಇರ್ತಾರಾ, ಎಲ್ಲ ಕೇಳಿದೆವು. ದಿನಕ್ಕೆ ಎಷ್ಟು ಸಲ ಅವ್ವನನ್ನು ಹಾಸಿಗೆಯಿಂದ ಎಬ್ಬಿಸ್ತೀರಿ ಅಂತ ಮಾತ್ರ ಯಾರೂ ಕೇಳಲಿಲ್ಲ.

ಇದನ್ನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಮನೆಯಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ. ಗಾಯ ಒರೆಸಿ, ಮಾತ್ರೆ ಕೊಟ್ಟು, ಚಾದರ ಬದಲಾಯಿಸುವ ನರ್ಸ್‌ಗಳು ಅಲ್ಲಿದ್ದರು, ಒಳ್ಳೆಯವರೇ. ಫಿಜಿಯೋ ಮಾತ್ರ ಹೊರಗಿನಿಂದ ವಾರಕ್ಕೆ ಎರಡು ದಿನ ಬಂದು ಹೋಗುವವರು. ಉಳಿದ ದಿನ ಎಬ್ಬಿಸಿ ನಡೆಸುವುದು ಯಾರ ಕೆಲಸವೂ ಅಲ್ಲ. ಅದರ ಮೇಲೆ ಡೈಪರ್. ಅವ್ವ ಕೈ ಹಿಡಿದರೆ ಬಾತ್‌ರೂಮಿಗೆ ಹೋಗುವಷ್ಟು ಇದ್ದಳು, ಆದರೆ ಡೈಪರ್ ಹಾಕಿಬಿಟ್ಟರೆ ಆಯಾಗೆ ಎಬ್ಬಿಸುವ ಕಷ್ಟ ಇಲ್ಲ ನೋಡಿ. ಬಾತ್‌ರೂಮಿಗೆ ಹೋಗಿ ಬರೋ ಆ ನಡಿಗೆನೇ ಅವಳಿಗಿದ್ದ ದೊಡ್ಡ ವ್ಯಾಯಾಮ, ಅದೂ ನಿಂತುಹೋಯ್ತು. ಅವಳಿಗೆ ತೆಲುಗು ಬರಲ್ಲ, ನಾಚಿಕೆ ಬೇರೆ, ಬಾಯಿ ಬಿಡಲೇ ಇಲ್ಲ.

ನಾವು ದಿನಾ ಸಂಜೆ ಫೋನ್ ಮಾಡಿ ‘ಊಟ ಆತೇನವ್ವಾ’ ಅಂತ ಕೇಳಿ ಇಟ್ಟುಬಿಡ್ತಿದ್ವಿ. ವಾಟ್ಸಾಪಿಗೆ ಫೋಟೋ ಬರ್ತಿತ್ತು, ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ. ಎಲ್ಲ ಫೋಟೋದಲ್ಲೂ ಅದೇ ಹಾಸಿಗೆ, ಅದೇ ದಿಂಬು ಅನ್ನೋದು ನಮಗೆ ಹೊಳೆಯಲೇ ಇಲ್ಲ. ನಾನು ಹೋದಾಗ ಅವಳಿಗೆ ನಡೆಯೋಕೆ ಅಂತ ಕೊಡಿಸಿದ್ದ, ಹಿಂದೆ ಪಟ್ಟಿ ಇರುವ ಚಪ್ಪಲಿ ಮಂಚದ ಕೆಳಗಿತ್ತು. ಅಡಿಯಲ್ಲಿ ಬೆಲೆಯ ಚೀಟಿ ಹಾಗೇ ಅಂಟಿಕೊಂಡಿತ್ತು, ಒಂದು ಚೂರೂ ಸವೆದಿಲ್ಲ. ಮಗ್ಗುಲಾಗಿಸಿ ನೋಡಿದರೆ ಬೆನ್ನಿನ ಕೊನೆಯಲ್ಲಿ ಹುಣ್ಣು.

ಮಲಗಿದಷ್ಟೂ ಮೂಳೆ ಗಟ್ಟಿ ಆಗುತ್ತೆ ಅಂತ ನಮ್ಮ ಕಾಕಾ ಈಗಲೂ ವಾದ ಮಾಡ್ತಾರೆ. ಅದು ತಪ್ಪು, ಮಲಗಿದರೆ ಇರುವ ಶಕ್ತಿನೂ ಹೋಗುತ್ತೆ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ವೃದ್ಧರನ್ನೇ 10 ದಿನ ಮಲಗಿಸಿ ನೋಡಿದ್ದರು, 2007ರಲ್ಲಿ ಪ್ರಕಟವಾದ ಅಧ್ಯಯನ ಅದು. ಕಾಲುಗಳಲ್ಲೇ ಸುಮಾರು ಒಂದು ಕೆಜಿ ಸ್ನಾಯು ಕರಗಿತ್ತು. ಇನ್ನು ಆಪರೇಷನ್ ಆದವರ ಗತಿ ಏನು?

ವಾಪಸ್ ಕರೆದುಕೊಂಡು ಬಂದೆವು. ಇಲ್ಲಿನ ಒಬ್ಬ ಫಿಜಿಯೋ ಹುಡುಗ ದಿನಾ ಬಂದು ‘ಯವ್ವಾ, ಇವತ್ತ ಬಾಗಲ ತನಕ ಹೋಗೂಣ್ರಿ’ ಅಂತ ಬೈಸಿಕೊಂಡೇ ನಡೆಸಿದ. ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡ್ತಾಳೆ. ಒಬ್ಬಳೇ ಗುಡಿಗೆ ಹೋಗೋದು ಮಾತ್ರ ಮುಗೀತು.

ಅದಕ್ಕೇ ಸೆಂಟರಾ, ಮನೆನಾ ಅನ್ನೋ ನಿಮ್ಮ ಪ್ರಶ್ನೆನೇ ನನಗೆ ಸರಿ ಕಾಣಲ್ಲ. ಮನೆಯಲ್ಲಿ ನರ್ಸ್ ಇಟ್ಟು ಮಲಗಿಸಿಯೇ ಇಟ್ಟರೂ ಇದೇ ಕಥೆ. ಸೆಂಟರಿನವರನ್ನು ಬೆಳಿಗ್ಗೆ ಎಷ್ಟು ಹೊತ್ತಿಗೆ ಕುರ್ಚಿಗೆ ಕೂರಿಸ್ತೀರಿ, ಭಾನುವಾರ ಯಾರು ನಡೆಸ್ತಾರೆ, ಫಿಜಿಯೋ ನಿಮ್ಮಲ್ಲೇ ಕೆಲಸಕ್ಕಿದ್ದಾರಾ ಅಂತ ಕೇಳಿ. ಒಂದು ದಿನ ಹನ್ನೊಂದು ಗಂಟೆಗೆ ಹೇಳದೇ ಹೋಗಿ ನೋಡಿ. ಎಲ್ಲರೂ ಮಲಗೇ ಇದ್ದರೆ ಸುಮ್ನೆ ವಾಪಸ್ ಬನ್ನಿ. ಹೈದರಾಬಾದ್ ಇಲ್ಲಿಂದ ಇನ್ನೂರು ಕಿಲೋಮೀಟರ್ ಮೇಲೆ. ನಿಮ್ಮವರು ಯಾರಾದರೂ ದಿನಾ ಹೋಗಿ ನೋಡೋಕೆ ಆಗಲ್ಲ ಅಂದ್ರೆ, ಎಷ್ಟೇ ಹೆಸರು ಮಾಡಿದ ಸೆಂಟರ್ ಆಗಲಿ, ನಾನಂತೂ ಬೇಡ ಅಂತೀನಿ.

ಇನ್ಶೂರೆನ್ಸ್ ಮೇಲೆ ಲೆಕ್ಕ ಹಾಕಿದ್ದರೆ ಪಾಲಿಸಿ ತೆಗೆದು ಓದಿ. ‘ರೆಸ್ಟ್ ಕ್ಯೂರ್, ರಿಹ್ಯಾಬಿಲಿಟೇಷನ್ ಅಂಡ್ ರೆಸ್ಪೈಟ್ ಕೇರ್’ (ವಿಶ್ರಾಂತಿ, ರಿಹ್ಯಾಬ್, ಮನೆಯವರ ಬದಲು ಸ್ವಲ್ಪ ದಿನ ನೋಡಿಕೊಳ್ಳುವ ಆರೈಕೆ) ಅಂತ ಒಂದು ಸಾಲು ಸಾಮಾನ್ಯವಾಗಿ ಕೊಡದೇ ಇರುವ ಖರ್ಚುಗಳ ಪಟ್ಟಿಯಲ್ಲಿ ಇರುತ್ತದೆ. ನಮಗೆ ಗೊತ್ತಾಗಿದ್ದು ಬಿಲ್ ಬಂದ ಮೇಲೆ.

ಎಲ್ಲಿಗೇ ಕರೆದುಕೊಂಡು ಹೋದರೂ, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅಂತ ಆಪರೇಷನ್ ಮಾಡಿದ ಡಾಕ್ಟರ್ ಕೈಯಲ್ಲೇ ಡಿಸ್ಚಾರ್ಜ್ ಚೀಟಿ ಮೇಲೆ ಬರೆಸಿಕೊಳ್ಳಿ. ಕೀಲು ಬದಲಾಯಿಸಿದ್ದಾರಾ, ರಾಡ್ ಹಾಕಿದ್ದಾರಾ ಅನ್ನೋದರ ಮೇಲೆ ಅದು ಬೇರೆ ಬೇರೆ. ಅದು ಇಲ್ಲದಿದ್ದರೆ ‘ಡಾಕ್ಟರ್ ಹೇಳಿಲ್ಲ ಸಾರ್’ ಅಂತ ಯಾರೂ ನಿಮ್ಮ ಅಪ್ಪನನ್ನು ಎಬ್ಬಿಸಲ್ಲ.